ಹಲ್ಲುನೋವಿನಕ್ಕನ ಬೆನ್ನು ಹತ್ತಿ

ಯುದ್ಧ ಮುಗಿದಾಗಿನಿಂದ ನೇಪಲ್ಸಿನ ಮೆರ್ಕಾತೊ ಪೇಟೆಯಲ್ಲಿ ಒಂದು ಖೋಟಾ ನೋಟು ಓಡಾಡಿಕೊಂಡಿತ್ತು. ಐನೂರು ಲೀರಾದ್ದು. ಸರ್ಕಾರ ಅಚ್ಚು ಹಾಕಿದ ಅಸಲಿ ನೋಟಿನ ಮೇಲೆ ಕಿರೀಟ ತೊಟ್ಟ ಹೆಂಗಸೊಬ್ಬಳು, ದೇಶದ ಭವಿಷ್ಯದ ಬಗ್ಗೆ ತನಗೆ ಯಾವ ಅನುಮಾನವೂ ಇಲ್ಲವೆಂಬಂತೆ ನೆಟ್ಟಗೆ ನೋಡುತ್ತಿದ್ದಳು. ಖೋಟಾ ನೋಟಿನಲ್ಲೂ ಅವಳೇ, ಅದೇ ಕಿರೀಟ. ಆದರೆ ಎಡಗೆನ್ನೆ ತುಸು ಊದಿ, ಕಣ್ಣು ಮೇಲಕ್ಕೆ ಹೊರಳಿ, ತುಟಿ ಬಿಗಿದು, ದವಡೆ ಹಲ್ಲು ಕೀಳಿಸಿಕೊಳ್ಳಲು ಬಂದು ಸರದಿಗೆ ಕಾಯುತ್ತಿರುವವಳ ಹಾಗೆ. ಪೇಟೆಯವರು ಅವಳಿಗೆ ಹಲ್ಲುನೋವಿನಕ್ಕ ಎಂದು ಹೆಸರಿಟ್ಟಿದ್ದರು.

ಅಕ್ಕ ಕೈಗೆ ಬಂದರೆ ಮಾಡಬೇಕಾದ್ದು ಒಂದೇ: ಕತ್ತಲಾಗುವುದರೊಳಗೆ ಅವಳನ್ನು ಇನ್ನೊಬ್ಬರ ಮನೆಗೆ ಕಳಿಸುವುದು. ಬ್ಯಾಂಕಿಗೆ ಒಯ್ದರೆ ಕಿತ್ತುಕೊಳ್ಳುತ್ತಾರೆ, ಬದಲಿಗೆ ಒಂದು ಚಿಲ್ಲರೆಯೂ ಕೊಡುವುದಿಲ್ಲ. ಪೊಲೀಸರಿಗೆ ಒಯ್ದರೆ ಕಿತ್ತುಕೊಂಡು, ಮೇಲೆ ಕೂರಿಸಿ ಪ್ರಶ್ನೆಯನ್ನೂ ಕೇಳುತ್ತಾರೆ. ಹೀಗಾಗಿ ಅಕ್ಕ ಮೀನಿನಂಗಡಿಯಿಂದ ಕಟುಕನಲ್ಲಿಗೆ, ಕಟುಕನಿಂದ ಕ್ಷೌರದಂಗಡಿಗೆ ಸವಾರಿ ಹೊರಟೇ ಇರುತ್ತಿದ್ದಳು. ಎಲ್ಲಿಂದ ಬಂದಳು ಎಂದು ಕೇಳಿದರೆ ಮಾತ್ರ ಇಡೀ ಪೇಟೆಯ ನೆನಪಿನ ಶಕ್ತಿ ಒಮ್ಮೆಲೇ ಕೈಕೊಡುತ್ತಿತ್ತು.

ಹಾಗೆ ಕೇಳುತ್ತ ಒಂಬತ್ತು ವರ್ಷ ತಿರುಗಿದವನು ಖಜಾನೆ ಪೊಲೀಸಿನ ಜಮಾದಾರ ದೊನಾತೊ ಲಾಚೆರೆಂಜಾ. ಲುಕಾನಿಯಾದ ಬೆಟ್ಟದ ಕಡೆಯವನು, ಎತ್ತರದ ಆಳು, ಮಾತು ಕಡಿಮೆ. ಮಾತೇ ಉಸಿರಾದ ಊರಲ್ಲಿ ಮೂವತ್ತು ವರ್ಷ ಬಾಳಿಯೂ ಆ ಮೌನವನ್ನು ಅವನು ಕಾಪಾಡಿಕೊಂಡು ಬಂದಿದ್ದ. ಪೇಟೆ ಅವನಿಗೂ ಒಂದು ಹೆಸರಿಟ್ಟಿತ್ತು: ಹಲ್ಲುನೋವಿನಕ್ಕನ ಗಂಡ.

"ಜಮಾದಾರ್ರೇ," ಎಂದು ಕರಿದ ತಿಂಡಿ ಮಾರುವ ದೋನ್ನಾ ವಿಚೆಂಜಾ ಬಾಣಲೆಯ ಹಿಂದಿನಿಂದ ಕೂಗುತ್ತಿದ್ದಳು, "ನಿಮ್ಮ ಮನೆಯವ್ರ ಹಲ್ಲು ಈಗ ಹೆಂಗಿದೆ?"

"ನನ್ನ ಹಲ್ಲು ಚೆನ್ನಾಗಿದೆ ಅಂತ ಹೇಳ್ಬೇಕಿತ್ತು," ಎಂದು ಮನೆಯಲ್ಲಿ ಅವನ ಹೆಂಡತಿ ರಕೇಲೆ ಸಿಡುಕುತ್ತಿದ್ದಳು. ಅವಳು ಅದೇ ಪೇಟೆಯಲ್ಲಿ ಹುಟ್ಟಿದವಳು. "ಬೇಕಾದ್ರೆ ಬಂದು ಕಚ್ಚಿ ತೋರಿಸ್ತಾಳೆ ಅಂತ್ಲೂ ಹೇಳ್ಬೇಕಿತ್ತು. ನೀವು ಏನಂದ್ರಿ?"

"ಏನೂ ಅನ್ಲಿಲ್ಲ."

"ಅದೇ ಮತ್ತೆ."

ಸಾವಿರದ ಒಂಬೈನೂರ ಐವತ್ತನಾಲ್ಕರ ಸೆಪ್ಟೆಂಬರ್ ಮೊದಲ ವಾರ ಕ್ಯಾಪ್ಟನ್ ಬ್ರೆಸ್ಸಾನ್ ಜಮಾದಾರನನ್ನು ಒಳಗೆ ಕರೆದ. ಉತ್ತರದ ಪಾದೊವಾದವನು, ಚಿಕ್ಕ ವಯಸ್ಸು, ಮೇಜಿನ ಮೇಲೆ ಏನೂ ಇಲ್ಲದಿದ್ದರೆ ಊರಲ್ಲೂ ಏನೂ ನಡೆಯುತ್ತಿಲ್ಲ ಎಂದು ನಂಬಿದವನು.

"ಜಮಾದಾರ್ರೇ, ಒಂಬತ್ತು ವರ್ಷ. ಒಬ್ಬನ ಹೆಸರೂ ಇಲ್ಲ."

"ಇಲ್ಲ, ಸರ್."

"ಒಬ್ಬ ಸಾಕ್ಷಿ?"

"ಈ ಪೇಟೇಲಿ ಸಾಕ್ಷಿ ಹೇಳೋದಕ್ಕಿಂತ ಹಲ್ಲು ಕೀಳಿಸ್ಕೊಳ್ಳೋದನ್ನ ಇಷ್ಟಪಡ್ತಾರೆ, ಸರ್."

ಕ್ಯಾಪ್ಟನ್ ನಗಲಿಲ್ಲ. "ನೀವು ಹುಡುಕೋ ಮನುಷ್ಯ ಬರೀ ಚಿಲ್ಲರೆ ಕಳ್ಳ. ಇಲಾಖೆಗೆ ಅದಕ್ಕಿಂತ ದೊಡ್ಡ ಕೆಲಸ ಇದೆ. ತಿಂಗಳ ಕೊನೆಗೆ ಇದನ್ನ ಮುಚ್ಚಿಬಿಡೋಣ. ಸ್ವಿಸ್ ಗಡೀಲಿ, ಆಲ್ಪ್ಸ್ ಮೇಲೆ, ಸಿಗರೇಟು ಕಳ್ಳಸಾಗಣೆ ಜೋರಾಗಿದೆ. ಅಲ್ಲಿಗೆ ಅನುಭವ ಇರೋರು ಬೇಕಂತೆ. ನಿಮ್ಮ ಹೆಸರು ಕಳಿಸಿದ್ದೀನಿ."

ದೊನಾತೊಗೆ ನಿವೃತ್ತಿ ಇನ್ನೆರಡು ವರ್ಷವಿತ್ತು. ಹಿಮವೆಂದರೇನೆಂದು ಅವನಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಮೊಣಕಾಲಿನವರೆಗೆ ಹಿಮ ಬೀಳುವ ಊರಲ್ಲಿ ಕುರಿಗಳ ಜೊತೆ ನಡುಗಿ ಬೆಳೆದು, ಸಮುದ್ರ ಕಾಣುವವರೆಗೂ ನಿಲ್ಲದೆ ಇಳಿದು ಬಂದವನು ಅವನು. ಈ ವಯಸ್ಸಿನಲ್ಲಿ ಮತ್ತೆ ಬೆಟ್ಟ ಹತ್ತುವುದು, ಅದೂ ಸೋತವನಾಗಿ, ಹಿಂದೆ ಒಂದು ಪೇಟೆ ಪೂರ್ತಿ ನಗುತ್ತಿರುವಾಗ.

ರಕೇಲೆ ಸುದ್ದಿ ಕೇಳಿ ಟೊಮೆಟೊ ಹೆಚ್ಚುತ್ತಿದ್ದ ಚಾಕುವನ್ನು ಕೆಳಗಿಟ್ಟಳು. "ನೀವು ಹೋಗಿ. ನಾನು ಬರಲ್ಲ. ಕಿಟಕಿ ತೆಗೆದ್ರೆ ಬೈಯೋಕೆ ಒಬ್ಬರಾದ್ರೂ ಇರಬೇಕು. ಅಲ್ಲಿ ಯಾರನ್ನ ಬೈಲಿ, ಮೇಕೆನಾ?" ಎಂದಳು. ಆಮೇಲೆ ಅವನ ಚಳಿಗಾಲದ ಕೋಟು ಹುಡುಕಿ, ಕಿತ್ತುಹೋದ ಗುಂಡಿ ಹೊಲಿಯಲು ಕೂತಳು. ಬೈಗುಳಕ್ಕಿಂತ ಅದು ದೊನಾತೊಗೆ ಹೆಚ್ಚು ತಟ್ಟಿತು.

ಉಳಿದದ್ದು ಮೂರು ವಾರ. ಅದರ ನಡುವೆ ಮೆಟ್ಟಿಲಮ್ಮನ ಹಬ್ಬ.

ಮೆಟ್ಟಿಲಮ್ಮ ಎಂದರೆ ಪೇಟೆಯ ಚಿಕ್ಕ ಚರ್ಚಿನ ಮಡೋನ್ನಾ, ದೇವಮಾತೆಯ ವಿಗ್ರಹ. ಹಬ್ಬದ ಭಾನುವಾರ ಅವಳನ್ನು ಹೆಗಲಿಗೆ ಹೊರುವ ಮರದ ಅಡ್ಡೆಯ ಮೇಲೆ ನಿಲ್ಲಿಸಿ ಓಣಿ ಓಣಿ ತಿರುಗಿಸುತ್ತಾರೆ. ಅವಳ ಭುಜದಿಂದ ಎರಡು ಅಗಲ ನೀಲಿ ರಿಬ್ಬನ್ನು ಇಳಿಬಿದ್ದಿರುತ್ತವೆ. ಮನೆ ಮನೆಯ ಮುಂದೆ ಅಡ್ಡೆ ನಿಲ್ಲುತ್ತದೆ, ಜನ ಬಂದು ಗುಂಡುಸೂಜಿಯಿಂದ ರಿಬ್ಬನ್ನಿಗೆ ನೋಟು ಸಿಕ್ಕಿಸುತ್ತಾರೆ. ಚರ್ಚಿಗೆ ತಿರುಗಿ ಬರುವ ಹೊತ್ತಿಗೆ ನೀಲಿ ಕಾಣುವುದೇ ಇಲ್ಲ, ಅಮ್ಮ ನೋಟಿನ ಸೆರಗು ಹೊದ್ದಿರುತ್ತಾಳೆ.

ದೊನಾತೊ ಪಾದ್ರಿ ರೈಮೊಂದೊ ಹತ್ತಿರ ಹೋದ. ಪಾದ್ರಿ ದಪ್ಪ ಮನುಷ್ಯ, ಬೆವರು ಒರೆಸಿಕೊಳ್ಳುತ್ತ ಮೇಣದಬತ್ತಿಗಳನ್ನು ಉದ್ದಕ್ಕೆ ತಕ್ಕಂತೆ ಜೋಡಿಸುತ್ತಿದ್ದ.

"ಸ್ವಾಮಿ, ಹಬ್ಬದ ದಿನ ಅಮ್ಮನಿಗೆ ಬರೋ ನೋಟಿನಲ್ಲಿ ಹಲ್ಲುನೋವಿನಕ್ಕ ಇರ್ತಾಳಾ?"

ಪಾದ್ರಿ ಒಂದು ಮೇಣದಬತ್ತಿಯನ್ನು ಅದರ ಜಾಗದಿಂದ ಎತ್ತಿ ಮತ್ತೆ ಅಲ್ಲೇ ಇಟ್ಟ. "ಭಕ್ತರು ಕೊಟ್ಟಿದ್ದನ್ನ ನಾನು ಮೂಸಿ ನೋಡೋದಿಲ್ಲ, ಜಮಾದಾರ್ರೇ."

"ಮೂಸೋದು ಬೇಡ. ನೋಡಿದ್ರಾ?"

"ಇರ್ತಾಳೆ," ಎಂದ ಪಾದ್ರಿ. "ಬಹಳ ಇರ್ತಾಳೆ. ವರ್ಷವಿಡೀ ಯಾರ ಕೈಲೂ ದಾಟಿಸೋಕಾಗದ್ದನ್ನ ಹಬ್ಬಕ್ಕೆ ಅಂತ ಎತ್ತಿಟ್ಟಿರ್ತಾರೆ. ಅಮ್ಮ ಬೇಡ ಅನ್ನಲ್ವಲ್ಲ."

"ಆಮೇಲೆ ಅವುಗಳನ್ನ ಏನು ಮಾಡ್ತೀರಿ?"

"ಮೇಣದಬತ್ತಿಯವನಿಗೆ ಕೊಡ್ತೀನಿ. ಅವನ ಮೇಣವೂ ಅಷ್ಟೇನೂ ಅಸಲಿ ಅಲ್ಲ."

ದೊನಾತೊ ಅದನ್ನು ಕೇಳಿಸಿಕೊಳ್ಳದವನಂತೆ ನಿಂತ. ಅವನ ಲೆಕ್ಕ ಸರಳವಾಗಿತ್ತು. ಊರಿನವರೆಲ್ಲ ಒಂದೊಂದು ಅಕ್ಕನನ್ನು ಸಿಕ್ಕಿಸಬಹುದು. ಆದರೆ ಅಚ್ಚು ಹಾಕುವವನಿಗೆ ಅಕ್ಕಂದಿರು ಬಿಟ್ಟಿ. ಅವನು ಗೊಂಚಲುಗಟ್ಟಲೆ ತರುತ್ತಾನೆ, ನೋಡದೆ ಸಿಕ್ಕಿಸುತ್ತಾನೆ, ಮೇಲೆ ದಾನಿ ಎಂಬ ಹೆಸರನ್ನೂ ಗಿಟ್ಟಿಸುತ್ತಾನೆ. ಅಡ್ಡೆಯ ಪಕ್ಕ ನಿಂತು ಕೈಗಳನ್ನು ನೋಡಿದರೆ ಸಾಕು. "ಈ ಸಲ ಅಡ್ಡೆಯ ಪಕ್ಕ ಗುಂಡುಸೂಜಿ ತಟ್ಟೆ ಹಿಡ್ಕೊಳ್ಳೋ ಕೆಲಸ ನನಗೆ ಕೊಡಿ," ಎಂದ.

"ಅದು ಪುಣ್ಯದ ಕೆಲಸ. ಪಟ್ಟು ಹಿಡಿದು ಕೇಳೋರು ಇದ್ದಾರೆ."

"ಮೇಣದಬತ್ತಿಯವನ ಹತ್ರ ನಾನು ಮಾತಾಡ್ಬೇಕಾ, ಸ್ವಾಮಿ?"

ತಟ್ಟೆ ಜಮಾದಾರನ ಕೈಗೆ ಬಂತು.

ಭಾನುವಾರ ಬೆಳಿಗ್ಗೆ ಬಿಸಿಲು ಏರುವ ಮೊದಲೇ ಬ್ಯಾಂಡಿನವರು ಊದತೊಡಗಿದರು. ದೊನಾತೊ ಕಪ್ಪು ಕೋಟು ಹಾಕಿ, ತಟ್ಟೆ ಹಿಡಿದು, ಅಮ್ಮನ ಬಲಗಡೆ ನಡೆದ. ನೋಡಬಾರದ್ದನ್ನು ನೋಡುವುದು ಅವನ ಉದ್ಯೋಗ. ಆದರೆ ಅಂದು ಕಂಡಷ್ಟನ್ನು ಅವನು ಎಂದೂ ಕಂಡಿರಲಿಲ್ಲ.

ಕಟುಕ ಶಿಲುಬೆಯ ಗುರುತು ಮಾಡಿಕೊಂಡು ನಾಲ್ಕಾಗಿ ಮಡಿಸಿದ ಒಂದು ಅಕ್ಕನನ್ನು ಸಿಕ್ಕಿಸಿದ. ಮಡಿಕೆ ಬಿಡಿಸಲೂ ಇಲ್ಲ. ಕ್ಷೌರದವನು ಮುಖ ಪಕ್ಕಕ್ಕೆ ತಿರುಗಿಸಿ, ಯಾರಿಗೋ ನಮಸ್ಕಾರ ಹೇಳುತ್ತಿರುವಂತೆ ನಟಿಸುತ್ತ ಸಿಕ್ಕಿಸಿದ. ದೋನ್ನಾ ವಿಚೆಂಜಾ ಅಳುತ್ತ ಬಂದಳು. ಗಂಡನಿಗೆ ವಾಸಿಯಾದ ಕಾಯಿಲೆಗೆ ಹರಕೆ, ಕಣ್ಣೀರು ನೂರಕ್ಕೆ ನೂರು ಅಸಲಿ, ನೋಟು ಖೋಟಾ. ಒಬ್ಬರೂ ಕೈಯಲ್ಲಿದ್ದದ್ದನ್ನು ನೋಡಲಿಲ್ಲ. ನೋಡಿದರೆ ಗೊತ್ತಾಗಿಬಿಡುತ್ತದೆ, ಗೊತ್ತಾದರೆ ಪಾಪ, ಗೊತ್ತಾಗದಿದ್ದರೆ ಬರೀ ಕಣ್ತಪ್ಪು: ಇದು ಪೇಟೆಯ ಧರ್ಮಶಾಸ್ತ್ರ. ಗೊಂಚಲು ತಂದವರು ಮಾತ್ರ ಒಬ್ಬರೂ ಇರಲಿಲ್ಲ. ಎಲ್ಲರದೂ ಒಂದು, ಅಬ್ಬಬ್ಬಾ ಎಂದರೆ ಎರಡು. ದೊನಾತೊನ ಲೆಕ್ಕ ಹತ್ತನೇ ಮನೆಯ ಹೊತ್ತಿಗೇ ಕುಸಿದಿತ್ತು.

ಮೀನಿನ ಓಣಿಯ ತಿರುವಿನಲ್ಲಿ ಒಬ್ಬಳು ಹೆಂಗಸು ತಲೆಗೆ ಕಪ್ಪು ವಸ್ತ್ರ ಹೊದ್ದು, ದೃಷ್ಟಿಯನ್ನು ಆಕಾಶಕ್ಕೆ ನೆಟ್ಟು, ಅಂಗೈಯಲ್ಲಿ ಮುಚ್ಚಿದ ನೋಟನ್ನು ಚಕ್ಕನೆ ರಿಬ್ಬನ್ನಿಗೆ ಚುಚ್ಚಿದಳು. ಹಲ್ಲುನೋವಿನಕ್ಕ ದೊನಾತೊನನ್ನು ನೋಡಿದಳು. ದೊನಾತೊ ಹೆಂಗಸನ್ನು ನೋಡಿದ.

"ರಕೇಲೆ."

"ಪ್ರಾರ್ಥನೆ ಮಾಡ್ತಿದ್ದೀನಿ. ಮಾತಾಡಿಸ್ಬೇಡಿ."

"ನನ್ನ ಮನೆಯಿಂದಾನಾ?"

"ನಿಮ್ಮ ಮನೆ ಏನು ಸ್ವರ್ಗದಲ್ಲಿದೆಯಾ? ಮೀನಿನವಳು ಕೊಟ್ಲು. ನಿಮಗೆ ಹೇಳಿದ್ರೆ ಕಿತ್ಕೊಂಡು ಕಚೇರಿಗೆ ಒಯ್ತಿದ್ರಿ. ಅಮ್ಮನಿಗೆ ಕೊಟ್ಟೆ, ನಿಮ್ಮನ್ನ ಆ ಬೆಟ್ಟಕ್ಕೆ ಕಳಿಸ್ಬೇಡ ಅಂತ ಕೇಳ್ಕೊಂಡೆ. ಆಯ್ತಾ?"

ಖೋಟಾ ನೋಟಿಗೆ ಅಂಥ ಹರಕೆ ಈಡೇರುತ್ತದೆಯೇ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಅಡ್ಡೆ ಎದ್ದು ಮುಂದೆ ಹೊರಟಿತ್ತು. ದೊನಾತೊ ಹೊರುವವರ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದ. ಮನಸ್ಸು ಆಗಲೇ ಉಣ್ಣೆಯ ಕಾಲುಚೀಲ ಹುಡುಕುತ್ತಿತ್ತು.

ಚರ್ಚಿನ ಮುಂದಿನ ಚೌಕಕ್ಕೆ ಬಂದಾಗ ಮಧ್ಯಾಹ್ನ. ಅಲ್ಲಿ ಕೊನೆಯ ನಿಲುಗಡೆ. ಮುದುಕರೊಬ್ಬರು ಕೋಲೂರಿಕೊಂಡು ಮುಂದೆ ಬಂದರು. ಬಿಳಿ ಕಾಲರಿಗೆ ಇಸ್ತ್ರಿ, ಕೋಟಿನ ಗುಂಡಿಯಲ್ಲಿ ಮಲ್ಲಿಗೆ. ದೋನ್ ಲಿಬೋರಿಯೊ ಯಾಕ್ಕಾರಿನೊ. ಸಂತರ ಪುಟ್ಟ ಪಟಗಳನ್ನು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕುತ್ತಿದ್ದವರು. ಮಿಲಾನಿನ ಬಣ್ಣದ ಪಟಗಳು ಬಂದ ಮೇಲೆ ಕೆಲಸ ನಿಂತುಹೋಗಿ, ಈಗ ಪಿಂಚಣಿಯ ಮೇಲಿದ್ದರು. ಎಪ್ಪತ್ತೈದು ದಾಟಿದ್ದ ಅವರಿಗೆ ಪೇಟೆಯೆಲ್ಲ ಟೋಪಿ ತೆಗೆಯುತ್ತಿತ್ತು. ಕೊರೆಯುವ ಕೆಲಸ ಬಲ್ಲವರೆಂದು ದೊನಾತೊನೇ ಒಮ್ಮೆ ಅವರಿಗೆ ಹಲ್ಲುನೋವಿನಕ್ಕನನ್ನು ತೋರಿಸಿ ಅಭಿಪ್ರಾಯ ಕೇಳಿದ್ದುಂಟು. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, "ಮುಖಕ್ಕೆ ತುಂಬಾ ಕಷ್ಟಪಟ್ಟಿದ್ದಾನೆ, ಪಾಪ," ಎಂದಿದ್ದರು.

ದೋನ್ ಲಿಬೋರಿಯೊ ಜೇಬಿನಿಂದ ನೋಟು ತೆಗೆದರು. ಬಿಸಿಲಿಗೆ ಎತ್ತಿ ಹಿಡಿದರು. ತಿರುಗಿಸಿ ನೋಡಿದರು. ಹೆಬ್ಬೆರಳಿನಿಂದ ನೋಟಿನ ಹೆಂಗಸಿನ ಕೆನ್ನೆಯ ಹತ್ತಿರ ಉಜ್ಜಿದರು. ತಲೆಯಾಡಿಸಿ ಅದನ್ನು ಮತ್ತೆ ಜೇಬಿಗೆ ಇಳಿಸಿ, ಇನ್ನೊಂದನ್ನು ತೆಗೆದು, ಅದನ್ನೂ ಬಿಸಿಲಿಗೆ ಹಿಡಿದು, ಸಮಾಧಾನವಾದ ಮೇಲೆ ಬಲಗಡೆಯ ರಿಬ್ಬನ್ನಿಗೆ ಸಿಕ್ಕಿಸಿ, ಅಮ್ಮನಿಗೆ ತಲೆಬಾಗಿ, ಕೋಲೂರಿಕೊಂಡು ಮನೆಯತ್ತ ನಡೆದರು.

ದೊನಾತೊ ತಟ್ಟೆ ಹಿಡಿದು ನಿಂತೇ ಇದ್ದ.

ಒಂಬತ್ತು ವರ್ಷ ಅವನು ನೋಟನ್ನು ನೋಡದೆ ದಾಟಿಸುವವರನ್ನು ಹುಡುಕಿದ್ದ. ಆದರೆ ಹಾಗೆ ದಾಟಿಸುವುದು ಇಡೀ ಪೇಟೆ. ಈ ಊರಿನಲ್ಲಿ ಹಣ ತೆಗೆದುಕೊಳ್ಳುವಾಗ ಎಲ್ಲರೂ ಬಿಸಿಲಿಗೆ ಹಿಡಿಯುತ್ತಾರೆ. ಕೊಡುವಾಗ ಹಿಡಿಯುವವರಿಲ್ಲ. ಅದೂ ಅಮ್ಮನಿಗೆ ಕೊಡುವಾಗ. ಅಪ್ಪಿತಪ್ಪಿ ಖೋಟಾ ಹೋದೀತೆಂದು ಹೆದರುವವನ ಜೇಬಿನಲ್ಲಿ ಎರಡೂ ಜಾತಿ ಇರಬೇಕು. ಯಾವುದು ಯಾವುದೆಂದು ಅವನಿಗೆ ಚೆನ್ನಾಗಿ ಗೊತ್ತಿರಬೇಕು. ತನ್ನ ಕೈಕೆಲಸ ಅಮ್ಮನ ಮೈಮೇಲೆ ಬಂದೀತೆಂಬ ಭಯವೂ ಇರಬೇಕು. ಬೇರೆ ಯಾರಿಗೆ ಬೇಕು ಆ ಭಯ?

ಅವನು ತಟ್ಟೆಯನ್ನು ಪಾದ್ರಿಯ ಕೈಗಿಟ್ಟ. ಅಡ್ಡೆ ಇಳಿಸಿ ಹೊರುವವರು ನೀರು ಕುಡಿಯುತ್ತಿದ್ದರು. ಬ್ಯಾಂಡಿನವರು ವಿಚೆಂಜಾಳ ಬಾಣಲೆಯ ಸುತ್ತ ಸೇರಿದ್ದರು. ದೋನ್ ಲಿಬೋರಿಯೊ ಮನೆ ಚೌಕದಲ್ಲೇ, ಮೂರನೇ ಮಹಡಿ. ಬಾಗಿಲು ತೆರೆದೇ ಇತ್ತು.

"ಬನ್ನಿ ಜಮಾದಾರ್ರೇ, ಕಾಫಿ ಈಗ ತಾನೇ ಇಳಿಯೋಕೆ ಇಟ್ಟಿದ್ದೀನಿ," ಎಂದರು ಮುದುಕರು. ಕೋಣೆಯಲ್ಲಿ ಕಾಫಿಯ ಜೊತೆ ಹಳೆಯ ಶಾಯಿಯ ವಾಸನೆಯೂ ಇತ್ತು. ಮೂಲೆಯಲ್ಲಿ ಒಂದು ಗ್ರಾಮಫೋನು, ಅದರ ಕೆಳಗೆ ಗೋಡೆಯುದ್ದಕ್ಕೂ ಒಪೆರಾ ರೆಕಾರ್ಡುಗಳು. ಪಟಗಳ ಅಚ್ಚುಯಂತ್ರ ಕಿಟಕಿಯ ಪಕ್ಕ, ಧೂಳಿಲ್ಲದೆ.

ದೊನಾತೊ ಕುಳಿತ. ಲೋಟ ಕೈಗೆ ಬರುವವರೆಗೂ ಕಾದ. ಕೋಣೆ ತಡಕಲು ಅವನ ಕೈಯಲ್ಲಿ ಆದೇಶವಿಲ್ಲ. ತರುವಷ್ಟರಲ್ಲಿ ಕಾಫಿ ಕಾಯಿಸಿದ ಅಗ್ಗಿಷ್ಟಿಕೆಗೆ ಬೇಕಾದಷ್ಟು ಕಾಗದ ಬಿದ್ದಿರುತ್ತದೆ. ಇರುವುದು ಒಂದೇ ಅವಕಾಶ.

"ದೋನ್ ಲಿಬೋರಿಯೊ, ಒಂದು ಬೇಜಾರಿನ ವಿಷಯ. ನೀವು ಈಗ ಅಮ್ಮನಿಗೆ ಸಿಕ್ಕಿಸಿದ್ದು ಹಲ್ಲುನೋವಿನಕ್ಕನ್ನ."

ಮುದುಕರ ಲೋಟ ತುಟಿಯ ಹತ್ತಿರ ನಿಂತಿತು. "ಸಾಧ್ಯವಿಲ್ಲ."

"ನಾನೇ ನೋಡ್ದೆ. ಪಕ್ಕದಲ್ಲೇ ಇದ್ನಲ್ಲ."

"ನೀವು ಏನು ನೋಡಿದ್ರೋ. ಅದು ಅಂಚೆ ಕಚೇರೀಲಿ ಪಿಂಚಣಿ ಜೊತೆ ಬಂದ ನೋಟು. ಬೇರೆ ಇಟ್ಟಿದ್ದೆ. ಬಿಸಿಲಿಗೆ ಹಿಡಿದು ನೋಡಿದ್ದೀನಿ."

"ವಯಸ್ಸಾಯ್ತಲ್ಲ. ಕಣ್ಣು ಮಂಜಾಗಿರುತ್ತೆ. ಯಾರಿಗಾದ್ರೂ ಆಗುತ್ತೆ. ಅಮ್ಮ ಕ್ಷಮಿಸ್ತಾಳೆ ಬಿಡಿ."

ಅದು ಅತಿಯಾಯಿತು. ದೋನ್ ಲಿಬೋರಿಯೊ ಎದ್ದರು. ಕೋಲು ಮರೆತು, ಮೂವತ್ತರ ಹುಡುಗನ ಹಾಗೆ ರೆಕಾರ್ಡುಗಳ ಬಳಿ ಹೋಗಿ, ಒಂದು ರೆಕಾರ್ಡಿನ ಹೊದಿಕೆಯೊಳಗಿಂದ ನೋಟಿನ ಕಟ್ಟು ಎಳೆದು ಮೇಜಿನ ಮೇಲೆ ಇಸ್ಪೀಟೆಲೆಯಂತೆ ಹರಡಿದರು. ಜೇಬಿನಲ್ಲಿದ್ದ ಒಂದನ್ನೂ ಅದರ ಪಕ್ಕ ಇಟ್ಟರು. "ಮಂಜಂತೆ. ನೋಡಿ, ಎಲ್ಲ ಇಲ್ಲೇ ಇದ್ದಾರೆ. ಇವತ್ತು ಒಬ್ಬಳೂ ಆಚೆ ಹೋಗಿಲ್ಲ. ನನ್ನ ಮಕ್ಕಳನ್ನ ನಾನು ಗುರುತು ಹಿಡಿಯಲ್ವಾ? ನನಗೆ ಹೇಳೋಕೆ ಬರ್ತೀರಾ ನೀವು?"

ಹತ್ತು ಹದಿನೈದು ಅಕ್ಕಂದಿರು ಹಲ್ಲು ಕಚ್ಚಿಕೊಂಡು ಚಾವಣಿ ನೋಡುತ್ತಿದ್ದರು.

ಮುದುಕರು ನೋಟುಗಳನ್ನು ನೋಡಿದರು. ಜಮಾದಾರನನ್ನು ನೋಡಿದರು. ನಿಧಾನವಾಗಿ ಕುಳಿತರು.

"ಅಮ್ಮನ ಹತ್ರ ಇರೋ ನಿಮ್ಮ ನೋಟು ಅಸಲೀನೇ," ಎಂದ ದೊನಾತೊ. "ಇವತ್ತು ಅವಳಿಗೆ ಸಿಕ್ಕ ಅಸಲಿ ಅದೊಂದೇ ಇರಬೇಕು."

"ಹಾಗಾದ್ರೆ ಸುಳ್ಳು ಹೇಳಿದ್ರಿ."

"ಹೇಳ್ದೆ."

"ಹಬ್ಬದ ದಿನ."

"ಹಬ್ಬದ ದಿನ."

ದೋನ್ ಲಿಬೋರಿಯೊ ಹರಡಿದ ನೋಟುಗಳನ್ನು ಕೂಡಿಸಿ ಮತ್ತೆ ಕಟ್ಟು ಮಾಡಿದರು. "ಚೆನ್ನಾಗಿ ಹೇಳಿದ್ರಿ," ಎಂದರು ಕೊನೆಗೆ, ಒಬ್ಬ ಕಸುಬುದಾರ ಇನ್ನೊಬ್ಬನಿಗೆ ಹೇಳುವಂತೆ. "ಕಾಫಿ ಮುಗಿಸಿ. ಆರಿದ್ರೆ ವ್ಯರ್ಥ."

"ಒಂದು ಕೇಳ್ಲಾ? ಅವಳಿಗೆ ಯಾಕೆ ಹಲ್ಲುನೋವು?"

"ನಲವತ್ತು ವರ್ಷ ಸಂತರ ಮುಖಾನೇ ಕೊರೆದೆ, ಜಮಾದಾರ್ರೇ. ಬಾಣ ಚುಚ್ಚಿದವ್ರು, ಎಣ್ಣೇಲಿ ಬೆಂದವ್ರು, ಮಗನ್ನ ಕಳ್ಕೊಂಡ ತಾಯಿ. ಕೈಗೆ ಅದೇ ರೂಢಿ. ಸರ್ಕಾರದ ಹೆಂಗಸಿನ ಹಾಗೆ ಚಿಂತೆಯಿಲ್ಲದ ಮುಖ ಮಾಡೋಕೆ ಬಹಳ ಪ್ರಯತ್ನಪಟ್ಟೆ. ಬರಲಿಲ್ಲ."

"ಯಾತಕ್ಕಾಗಿ ಮಾಡಿದ್ರಿ?"

"ಪಿಂಚಣಿ ಬದುಕೋಕೆ ಸಾಕು. ಸಂತೋಷಕ್ಕೆ ಸಾಲಲ್ಲ. ಒಪೆರಾಕ್ಕೆ ಮೇಲಟ್ಟದ ಟಿಕೆಟು, ಭಾನುವಾರ ರಮ್ಮಲ್ಲಿ ನೆನೆಸಿದ ಒಂದು ಕೇಕು, ಊಟದ ಮೇಲೆ ಒಂದು ಚುಟ್ಟಾ. ರೊಟ್ಟಿಗೆ, ಬಾಡಿಗೆಗೆ ಯಾವತ್ತೂ ನನ್ನ ನೋಟು ಕೊಟ್ಟಿಲ್ಲ." ಅವರು ಟೋಪಿ ತೆಗೆದುಕೊಂಡರು. "ಕೈಗೆ ಬೇಡಿ ಹಾಕ್ತೀರಾ?"

"ಕೋಲು ಹಿಡ್ಕೊಳ್ಳೋದು ಹೇಗೆ ಮತ್ತೆ?" ಎಂದ ದೊನಾತೊ. ಮುದುಕರೇ ತೆಗೆದುಕೊಟ್ಟ ಅಚ್ಚಿನ ತಗಡನ್ನೂ ನೋಟುಗಳನ್ನೂ ಬಟ್ಟೆಯಲ್ಲಿ ಕಟ್ಟಿಕೊಂಡು, ಅವರಿಗೆ ತೋಳು ಕೊಟ್ಟು ಮೆಟ್ಟಿಲಿಳಿದ.

ಚೌಕದಲ್ಲಿ ಇಡೀ ಪೇಟೆ ನಿಂತಿತ್ತು. ಈ ಊರಲ್ಲಿ ಸುದ್ದಿಗೆ ಮೆಟ್ಟಿಲು ಬೇಕಾಗುವುದಿಲ್ಲ, ಕಿಟಕಿಯಿಂದಲೇ ಇಳಿದುಬಿಡುತ್ತದೆ.

"ಎಲ್ಲಿಗೆ ಕರ್ಕೊಂಡು ಹೋಗ್ತಿದೀರಿ ಅವರನ್ನ?" ಎಂದಳು ವಿಚೆಂಜಾ, ಜಾಲರಿ ಸೌಟು ಕೈಯಲ್ಲೇ ಇತ್ತು. "ಒಂಬತ್ತು ವರ್ಷ ಕಳ್ಳ ಸಿಗಲಿಲ್ಲ ಅಂತ ಹಬ್ಬದ ದಿನ ಮುದುಕರನ್ನ ಹಿಡ್ಕೊಂಡ್ರಾ?"

ಕಟುಕ ದಾರಿಗೆ ಅಡ್ಡ ನಿಂತ. ಅವನ ಹಿಂದೆ ಅಡ್ಡೆ ಹೊರುವವರು, ಒಬ್ಬೊಬ್ಬರೂ ಬಾಗಿಲಿನಷ್ಟು ಅಗಲ. ಮಾತಿಗೆ ಮಾತು ಬೆಳೆದರೆ ಮುದುಕರು ಈ ಜನದ ನಡುವೆ ಕರಗಿಹೋಗುತ್ತಾರೆ, ನಾಳೆ ಕೇಳಿದರೆ ದೋನ್ ಲಿಬೋರಿಯೊ ಎಂಬುವರು ಇದ್ದದ್ದೇ ಯಾರಿಗೂ ನೆನಪಿರುವುದಿಲ್ಲ. ಆಮೇಲೆ ಹಿಮ. ದೊನಾತೊ ಬಾಯಿ ತೆರೆದ. ಬದುಕಿನಲ್ಲಿ ಮೊದಲ ಸಲ ಆ ಪೇಟೆಯಲ್ಲಿ ದೊಡ್ಡ ದನಿಯಲ್ಲಿ ಮಾತಾಡಿದ.

"ಹಲ್ಲುನೋವಿನಕ್ಕನ ತಂದೆ ಇವರು."

ಎಲ್ಲರೂ ಒಟ್ಟಿಗೆ ಬಾಯಿ ತೆರೆದರು.

"ನನ್ನ ಅಂಗಡೀಲಿ ಚುಟ್ಟಾ ತಗೊಂಡು ಕೊಟ್ಟಿದ್ದು ಅದೇನಾ, ದೋನ್ ಲಿಬೋರಿಯೊ?"

"ನಾನು ನಿಮಗೆ ಕೇಕಿನ ಮೇಲೆ ಕೆನೆ ಬೇರೆ ಹಾಕಿ ಕೊಡ್ತಿದ್ದೆ. ಕೆನೆ."

"ಟೋಪಿ ತೆಗೀತಿದ್ನಲ್ಲ ನಾನು, ನಿಮಗೆ."

ದೋನ್ ಲಿಬೋರಿಯೊ ಕೋಲನ್ನು ಕಲ್ಲಿಗೆ ಒಮ್ಮೆ ಕುಟ್ಟಿದರು. "ಕೊಟ್ಟೆ. ನಿಮಗೆಲ್ಲ ಕೊಟ್ಟೆ. ನೀವು ಯಾರಿಗೆ ಕೊಟ್ರಿ?" ಎಂದು ಕೋಲೆತ್ತಿ ಅಡ್ಡೆಯತ್ತ ತೋರಿಸಿದರು. "ನಾನು ಪಾಪಿ. ಆದ್ರೆ ಅಮ್ಮನಿಗೆ ಯಾವತ್ತೂ ಖೋಟಾ ಕೊಟ್ಟೋನಲ್ಲ."

ಎಲ್ಲರ ತಲೆಯೂ ತಿರುಗಿತು. ಮೆಟ್ಟಿಲಮ್ಮ ಬಿಸಿಲಿನಲ್ಲಿ ನಿಂತಿದ್ದಳು. ಅವಳ ಎರಡೂ ಭುಜದಿಂದ ಪಾದದವರೆಗೆ, ಕಣ್ಣು ಮೇಲೆ ಮಾಡಿ, ಕೆನ್ನೆ ಊದಿಸಿಕೊಂಡು, ಸಾಲು ಸಾಲು ಹಲ್ಲುನೋವಿನಕ್ಕಂದಿರು. ಗಾಳಿ ಬಂದಾಗ ಎಲ್ಲರೂ ಒಟ್ಟಿಗೆ ನರಳಿದಂತೆ ಅಲ್ಲಾಡಿದರು. ಪಾದ್ರಿ ರೈಮೊಂದೊ ತನ್ನ ಬೂಟನ್ನು ಪರೀಕ್ಷಿಸುತ್ತಿದ್ದ.

ಗುಂಪಿನಿಂದ ರಕೇಲೆ ಮುಂದೆ ಬಂದಳು. ಅಮ್ಮನ ಹತ್ತಿರ ಹೋಗಿ, ತನ್ನ ನೋಟು ಹುಡುಕಿ ಬಿಚ್ಚಿ, ಆ ಜಾಗದಲ್ಲಿ ರವಿಕೆಯೊಳಗಿಂದ ತೆಗೆದ ಅಸಲಿಯೊಂದನ್ನು ಸಿಕ್ಕಿಸಿದಳು. ಮನೆ ಖರ್ಚಿನ ಹಣ. ಅಕ್ಕನನ್ನು ತಂದು ಗಂ‍ಡನ ಕೈಗಿಟ್ಟಳು. "ಇದು ನಂದು, ಜಮಾದಾರ್ರೇ. ಮೀನಿನವಳು ಕೊಟ್ಟಿದ್ದು. ಗುರುವಾರ. ಸಾರ್ಡೀನಿಗೆ ಚಿಲ್ಲರೆ."

"ನಾನು ಬೇಕು ಅಂತ ಕೊಟ್ನಾ?" ಎಂದು ಮೀನಿನವಳು ನುಗ್ಗಿ ಬಂದಳು. "ನನಗೆ ಈ ಕಟುಕ ಕೊಟ್ಟ. ಇವನೇ. ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ."

"ನನಗೆ ಕ್ಷೌರದವನು," ಎಂದ ಕಟುಕ. "ನಗ್ತಾ ನಗ್ತಾ ಕೊಟ್ಟ."

ಒಂಬತ್ತು ವರ್ಷ ಏನೂ ನೆನಪಿಲ್ಲದ ಪೇಟೆಗೆ ಒಮ್ಮೆಲೇ ಎಲ್ಲವೂ ನೆನಪಾಯಿತು: ಯಾರು, ಯಾವ ವಾರ, ಯಾವ ತರಕಾರಿಗೆ, ಕೊಡುವಾಗ ಯಾವ ಕಡೆ ಮುಖ ಮಾಡಿದ್ದರು. ಒಬ್ಬರ ಮಾತನ್ನು ಇನ್ನೊಬ್ಬರು ತಿದ್ದಿದರು. ಸಾಲು ನಿಂತರು, ಸಾಲು ಮುರಿದರು, ಬೈದಾಡಿ ಮತ್ತೆ ಸಾಲು ನಿಂತರು. ಅಕ್ಕಂದಿರು ದೊನಾತೊನ ಟೋಪಿ ತುಂಬಿ, ವಿಚೆಂಜಾ ತಂದುಕೊಟ್ಟ ಬ್ರೆಡ್ಡಿನ ಬುಟ್ಟಿಗೆ ಬಿದ್ದರು. ಒಂದೊಂದು ಅಕ್ಕ ಇಳಿದ ಜಾಗಕ್ಕೂ ಒಂದೊಂದು ಅಸಲಿ ಏರಿತು. ಗೊಣಗುತ್ತ ಏರಿತು, ಆದರೂ ಏರಿತು. ಬಿಸಿಲಿಗೆ ಹಿಡಿದು ನೋಡಿಯೇ ಸಿಕ್ಕಿಸಿದರು, ಪಕ್ಕದವರು ನೋಡುತ್ತಿದ್ದರಲ್ಲ. ನೀಲಿ ರಿಬ್ಬನ್ನಿನಲ್ಲಿ ಚಿಂತೆಯಿಲ್ಲದ ಹೆಂಗಸರು ತುಂಬಿಕೊಂಡರು. ಅಮ್ಮನ ಮುಖವೂ ಸ್ವಲ್ಪ ಹಗುರಾದಂತೆ ಕಂಡಿತೆಂದು ಪಾದ್ರಿ ಆಮೇಲೆ ಹೇಳಿದ. ಅವನಿಗೆ ಹಾಗೆ ಕಾಣಲು ಬೇರೆ ಕಾರಣಗಳೂ ಇದ್ದವು.

ಬಂದರಿನ ಹತ್ತಿರವಿದ್ದ ಕಚೇರಿಗೆ ಹೊರಟಾಗ ಯಾರೂ ಹಿಂದೆ ಉಳಿಯಲಿಲ್ಲ. ಸಂಜೆಯವರೆಗೆ ಊದಲು ಹಣ ಪಡೆದಿದ್ದ ಬ್ಯಾಂಡಿನವರು ಏನು ಊದಬೇಕೆಂದು ತಿಳಿಯದೆ, ಒಪೆರಾದ ಒಂದು ವಿಜಯದ ನಡೆ ಎತ್ತಿಕೊಂಡರು.

"ಬೇಗ ಆಯ್ತು," ಎಂದರು ದೋನ್ ಲಿಬೋರಿಯೊ ತಿರುಗಿ. "ಗೆದ್ದು ಬರೋನು ಓಡೋದಿಲ್ಲಪ್ಪ. ನಿಧಾನ."

ಬ್ಯಾಂಡು ನಿಧಾನವಾಯಿತು. ಅದಕ್ಕೆ ತಕ್ಕ ಹೆಜ್ಜೆಯಲ್ಲಿ, ಜಮಾದಾರ ಮತ್ತು ಖೋಟಾ ನೋಟಿನವರು ತೋಳಿಗೆ ತೋಳು ಸೇರಿಸಿ ಮುಂದೆ, ಬುಟ್ಟಿ ಹೊತ್ತ ಕಟುಕ ಹಿಂದೆ, ಅವನ ಹಿಂದೆ ಸೌಟು ಹಿಡಿದ ವಿಚೆಂಜಾ, ಅವಳ ಹಿಂದೆ ಇಡೀ ಮೆರ್ಕಾತೊ. ಪೇಟೆಯಲ್ಲಿ ಯಾರೂ ದೊನಾತೊಗೆ ಹಲ್ಲಿನ ಬಗ್ಗೆ ಏನೂ ಕೇಳಲಿಲ್ಲ. ದಾರಿಯ ಬಾಲ್ಕನಿಗಳಿಂದ ಜನ ಚಪ್ಪಾಳೆ ತಟ್ಟಿದರು. ಯಾರಿಗೆಂದು ಕೇಳಿದ್ದರೆ ಅವರೂ ಹೇಳುತ್ತಿರಲಿಲ್ಲ.

ಕ್ಯಾಪ್ಟನ್ ಬ್ರೆಸ್ಸಾನ್ ಕಾಲರಿನ ಗುಂಡಿ ಹಾಕಿಕೊಳ್ಳುತ್ತ ಕಚೇರಿಯ ಮೆಟ್ಟಿಲಿಗೆ ಬಂದ. ಬುಟ್ಟಿ ನೋಡಿದ. ತಗಡು ನೋಡಿದ. ದೋನ್ ಲಿಬೋರಿಯೊ ಟೋಪಿ ತೆಗೆದು ತಲೆಬಾಗಿದರು.

"ಇವರಾ?" ಎಂದ ಕ್ಯಾಪ್ಟನ್.

"ಇವರೇ, ಸರ್. ಒಪ್ಪಿಕೊಂಡಿದ್ದಾರೆ."

ಕ್ಯಾಪ್ಟನ್ ಬುಟ್ಟಿಗೆ ಕೈಹಾಕಿ ಒಂದು ನೋಟು ಎತ್ತಿ, ಮತ್ತೊಂದು ಎತ್ತಿ, ಬಿಟ್ಟ. ಅವನು ಕೆಟ್ಟ ಮನುಷ್ಯನಲ್ಲ. ಕಣ್ಣೆದುರಿಗೆ ಬಂದದ್ದನ್ನು ನಂಬುವಷ್ಟು ನ್ಯಾಯ ಅವನಲ್ಲಿತ್ತು. ನೆಟ್ಟಗೆ ನಿಂತು ಜಮಾದಾರನಿಗೆ ಸಲ್ಯೂಟ್ ಹೊಡೆದ. ಬ್ಯಾಂಡಿನ ದೊಡ್ಡ ಡೋಲು ಅದಕ್ಕೊಂದು ಪೆಟ್ಟು ಸೇರಿಸಿತು.

"ಆದ್ರೆ ವರ್ಗಾವಣೆ ಆದೇಶ ರೋಮಿಗೆ ಹೋಗಿಬಿಟ್ಟಿದೆ," ಎಂದ ಕ್ಯಾಪ್ಟನ್, ದನಿ ತಗ್ಗಿಸಿ. "ಸುಮ್ನೆ ವಾಪಸು ತರಿಸೋಕಾಗಲ್ಲ. ಕಾರಣ ಬೇಕು. ಮೊಕದ್ದಮೆ ಮುಗಿಯೋವರೆಗೆ ತನಿಖೆ ಮಾಡಿದೋರು ಇಲ್ಲೇ ಇರ್ಬೇಕು ಅಂತ ಬರೀಬಹುದು. ಸಾಕ್ಷಿ ವಿಚಾರಣೆ ಎಷ್ಟು ದಿನ ಹಿಡಿಯುತ್ತೋ ಅಷ್ಟು ದಿನ. ಸಾಕ್ಷಿಗಳು ಇದ್ದಾರಾ?"

ದೊನಾತೊ ಹಿಂದೆ ತಿರುಗಿ ನೋಡಿದ. ಚೌಕವೆಲ್ಲ ಕೈ ಎತ್ತಿತ್ತು. ವಿಚೆಂಜಾಳ ಸೌಟು ಎಲ್ಲಕ್ಕಿಂತ ಮೇಲಿತ್ತು. ಕಚೇರಿಯ ಮೂಲೆಯವರೆಗೂ ಕೈ, ಮೂಲೆಯಾಚೆಯಿಂದಲೂ ನನ್ನನ್ನು ಬಿಡಬೇಡಿ ಎಂಬ ಕೂಗು. ಒಬ್ಬೊಬ್ಬರಿಗೂ ಹೇಳಲು ಒಂದು ಕಥೆ, ತಿದ್ದಲು ಪಕ್ಕದವರದ್ದೂ ಒಂದು. ನೇಪಲ್ಸಿನ ನ್ಯಾಯಾಲಯದ ನಡಿಗೆ ಬಲ್ಲ ಯಾರಿಗಾದರೂ ಗೊತ್ತಿತ್ತು, ಇವರೆಲ್ಲರ ಮಾತು ಮುಗಿಯುವ ಹೊತ್ತಿಗೆ ಜಮಾದಾರ ಲಾಚೆರೆಂಜಾ ನಿವೃತ್ತನಾಗಿ, ಸಮುದ್ರದ ದಡದಲ್ಲಿ ಬೆನ್ನು ಕಾಯಿಸಿಕೊಳ್ಳುತ್ತಿರುತ್ತಾನೆ.

ಕ್ಯಾಪ್ಟನ್ ಬ್ರೆಸ್ಸಾನ್ ಈ ಊರಿಗೆ ಬಂದು ಮೂರೇ ತಿಂಗಳಾಗಿತ್ತು. ಆದರೂ ಅದು ಅವನಿಗೂ ಅರ್ಥವಾಯಿತು. ತುಟಿಯಂಚಿನಲ್ಲಿ ನಗು ಮೂಡಿತು. ಮೊದಲ ಸಲವಿರಬೇಕು.

"ಕುರ್ಚಿ ತರಿಸಿ, ಜಮಾದಾರ್ರೇ," ಎಂದ. "ಹೇಳಿಕೆ ತಗೊಳ್ಳೋಕೆ ಶುರು ಮಾಡೋಣ. ಮೊದಲು ಯಾರು?"

"ನಾನು," ಎಂದಳು ರಕೇಲೆ, ಕೈ ಇಳಿಸದೆ ಮೆಟ್ಟಿಲು ಹತ್ತುತ್ತ.